ಮೂವರು ನೋಡಿದ ಒಂದೇ ಸ್ಕ್ಯಾನ್

ಸೀರೆ ಉಡುವಾಗ ಹೊಟ್ಟೆ ಬಿಗಿಯುತ್ತದೆ ಎಂದಳು ನನ್ನ ಹೆಂಡತಿ ಸುಮಿತ್ರ. ಗ್ಯಾಸ್ ಇರಬೇಕು ಅಂದುಕೊಂಡೆವು. ಊಟ ಸೇರುತ್ತಿರಲಿಲ್ಲ. ಸಂಜೆಯಾದರೆ ಜ್ವರ. ತೋಳು ಸಣಕಲಾಗಿ ಹೊಟ್ಟೆ ಮಾತ್ರ ಬೆಳೆಯಿತು. ಕಾಫಿ ಕೊಯ್ಲು ಮುಗಿಯಲಿ ಅಂತ ಅವಳೇ ಮುಂದೂಡಿದಳು. ಕೊನೆಗೆ ಮೂಡಿಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದರೆ ಹೊಟ್ಟೆ ತುಂಬ ನೀರು.

ಅಂಡಾಶಯದ ಕ್ಯಾನ್ಸರ್ ಇದ್ದಂತಿದೆ ಅಂದರು ಡಾಕ್ಟರು.

ಆಮೇಲೆ ಅವರು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಅದೇ ಫಿಲ್ಮ್ ಹಿಡಿದು ಚಿಕ್ಕಮಗಳೂರಿಗೆ ಓಡಿದೆ, ಅಲ್ಲಿಂದ ಹಾಸನಕ್ಕೆ. ಎರಡೂ ಕಡೆಯ ಡಾಕ್ಟರು ಬೆಳಕಿಗೆ ಹಿಡಿದು ನೋಡಿ ಅದೇ ಮಾತು ಹೇಳಿದರು. ಒಬ್ಬರಾದರೂ ಅಲ್ಲ ಅನ್ನಬಾರದಿತ್ತೇ ಅಂತ ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಸುಮಿತ್ರಳ ಅಣ್ಣ ಬಂದ. "ಮೂರು ಡಾಕ್ಟ್ರೂ ಅದನ್ನೇ ಹೇಳಿದ್ಮೇಲೆ ಇನ್ನೆಂಥ ನೋಡೋದು ಮಾರಾಯ? ಕುಯ್ಸಿ ಹಿಂಸೆ ಕೊಡ್ಬೇಡ. ಇರೋಷ್ಟು ದಿನ ಮನೇಲಿ ನೆಮ್ಮದಿಯಾಗಿರ್ಲಿ."

ನಾನು ಹೂಂ ಅಂದೆ.

ಒಳಗೆ ಮಲಗಿದ್ದವಳಿಗೆ ಎಲ್ಲ ಕೇಳಿಸಿತ್ತು. ಗೋಡೆ ಹಿಡಿದು ಎದ್ದು ಬಂದಳು.

"ಕಾಫಿ ಒಣಗಿದ್ಯಾ ಅಂತ ಒಂದೇ ಮೂಟೆ ಬಾಯಿಂದ ಮೂರು ಜನ ಬೀಜ ತೆಗೆದು ಕಚ್ಚಿದ್ರೆ, ಮೂರು ಜನಾನೂ ಒಂದೇ ಹೇಳ್ತಾರೆ. ತಳದಲ್ಲಿ ಹಸಿ ಇದ್ರೆ? ನನ್ನನ್ನ ಯಾರ್ರೀ ನೋಡಿದ್ದು? ಆ ಫಿಲ್ಮನ್ನ ತಾನೇ?"

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಮಂಗಳೂರು ತಲುಪಿದಳು. ಅಲ್ಲಿನ ಡಾಕ್ಟರಮ್ಮ ಫಿಲ್ಮ್ ಪಕ್ಕಕ್ಕಿಟ್ಟು ಅವಳ ಹೊಟ್ಟೆ ಮುಟ್ಟಿ ನೋಡಿದರು. ಹೊಟ್ಟೆಯ ಟಿ.ಬಿ. ಆದರೂ ಸ್ಕ್ಯಾನ್ ಹೀಗೇ ಕಾಣುತ್ತದೆ ಅಂದರು. ನೀರು ತೆಗೆದರು. ಅದರಲ್ಲಿ ಕ್ಯಾನ್ಸರ್ ಕಣ ಸಿಗಲಿಲ್ಲ. ನಾನು ಕೈಮುಗಿಯಲು ಹೋದರೆ ತಡೆದರು.

"ಅಷ್ಟಕ್ಕೇ ಇಲ್ಲ ಅನ್ನೋಕಾಗಲ್ಲ. ಎಷ್ಟೋ ಸಲ ಇದ್ದೂ ಸಿಗಲ್ಲ."

ಅದೇ ನೀರಿಗೆ ಮಾಡಿದ ಎಡಿಎ ಅನ್ನುವ ಇನ್ನೊಂದು ಪರೀಕ್ಷೆ ಟಿ.ಬಿ. ಕಡೆ ತೋರಿಸಿತು. ಅದೊಂದನ್ನೇ ನಂಬಲಾರೆ ಅಂದರು. ಆ ಹೆಂಗಸಿನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಒಂದು ಒಳ್ಳೆಯ ಮಾತಾಡಿದರೆ ಇವರ ಗಂಟೇನು ಹೋಗುತ್ತದೆ? ಕೊನೆಗೆ ಹೊಟ್ಟೆಗೆ ಸಣ್ಣ ತೂತು ಮಾಡಿ ಒಳಗಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬರುವ ತನಕ ನಾನು ವಾರ್ಡಿನೊಳಗೆ ಹೆಚ್ಚು ಹೊತ್ತು ಕೂರಲಿಲ್ಲ. ಅವಳು ನನ್ನ ಮುಖ ನೋಡಿದರೆ ಏನಾದರೂ ನೆಪ ಹೇಳಿ ಹೊರಗೆ ಬರುತ್ತಿದ್ದೆ.

ಟಿ.ಬಿ.

"ನೀರು ನೋಡಿದವ್ರು ಬೇರೆ, ಈ ಚೂರು ನೋಡಿದವ್ರು ಬೇರೆ" ಅಂದರು ಡಾಕ್ಟರಮ್ಮ. "ಒಬ್ರು ಹೇಳಿದ್ದು ಇನ್ನೊಬ್ರಿಗೆ ಗೊತ್ತಿಲ್ಲ. ಆದ್ರೂ ಇಬ್ರೂ ಒಂದೇ ಕಡೆ ಬಂದು ನಿಂತಿದ್ದಾರೆ. ಈಗ ಧೈರ್ಯವಾಗಿ ಔಷಧಿ ಶುರು ಮಾಡ್ತೀನಿ."

ನಾನು ಕಾರಿಡಾರಿನಲ್ಲೇ ಬಿಕ್ಕಿ ಬಿಕ್ಕಿ ಅತ್ತೆ. "ಟಿ.ಬಿ. ಅಂತ ಕೇಳಿ ಇಷ್ಟು ಖುಷಿಪಡೋ ಗಂಡನ್ನ ನಾನು ನೋಡಿಲ್ಲಪ್ಪ" ಅಂದಳು ಸುಮಿತ್ರ.

ಮಾತ್ರೆ ನುಂಗಿದರೆ ಅವಳಿಗೆ ಈಗಲೂ ಹೊಟ್ಟೆ ತೊಳಸುತ್ತದೆ. ಆದರೆ ಜ್ವರ ಬಿಟ್ಟಿದೆ, ಹೊಟ್ಟೆ ಇಳಿಯುತ್ತಿದೆ. ನನಗೆ ಮಾತ್ರ ಭಯ ಪೂರ್ತಿ ಹೋಗಿಲ್ಲ. ನಿನ್ನೆ ಊಟಕ್ಕೆ ಕೂತಾಗ ಕೇಳಿದಳು: "ಅವತ್ತು ನಾನು ಎದ್ದು ಬರದೇ ಇದ್ದಿದ್ರೆ?"

ನಾನು ರೊಟ್ಟಿ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ.

ಅವಳೇ ತಟ್ಟೆ ಮುಂದಕ್ಕೆ ತಳ್ಳಿದಳು. "ಇನ್ನೊಂದು ರೊಟ್ಟಿ ಹಾಕಿ" ಅಂದಳು.