ಹೆಂಡತಿಯ ಡಯಾಲಿಸಿಸ್ ನಿಲ್ಲಬಾರದೆಂದು

ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ಶರಣಪ್ಪ ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ಮೈಯೆಲ್ಲ ಬೆವರಿತ್ತು. ಒಳಗೆ ಅವರ ಹೆಂಡತಿ ಗಂಗಮ್ಮ ಯಂತ್ರದ ಪಕ್ಕ ಮಲಗಿದ್ದರು. ಕೊಪ್ಪಳದ ಆ ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್. ಗಾಲಿಕುರ್ಚಿ ತಂದು, ಈಗಲೇ ಅಡ್ಮಿಟ್ ಆಗಬೇಕೆಂದೆ. ಅವರು ನನ್ನ ಕೈ ಸರಿಸಿದರು.

“ಬ್ಯಾಡ್ರಿ ಸಿಸ್ಟರ್. ನಾಕು ದಿನ ಮಲಗಿದ್ರ ಗುತ್ತಿಗೆದಾರ ನನ್ನ ಹೆಸರು ತೆಗೀತಾನ. ಕೆಲಸ ಹೋದ್ರ ಕಂಪನಿ ವಿಮಾ ಕಾರ್ಡೂ ಹೋಗ್ತೈತಿ. ಆಮ್ಯಾಲ ಆಕಿ ಡಯಾಲಿಸಿಸ್ ಹ್ಯಾಂಗ್ರಿ? ಡಾಕ್ಟರಿಗೆ ಹೇಳಬ್ಯಾಡ್ರಿ, ಆಕಿಗೂ ಹೇಳಬ್ಯಾಡ್ರಿ.”

ನಾನು ಡಾಕ್ಟರನ್ನು ಕರೆಯಲಿಲ್ಲ. ಸ್ವಲ್ಪ ಹೊತ್ತು ಕುಳಿತು, ಮುಖ ತೊಳೆದುಕೊಂಡು, ಅವರು ಮಧ್ಯಾಹ್ನದ ಪಾಳಿಗೆ ಕಬ್ಬಿಣದ ಕಾರ್ಖಾನೆಗೆ ಹೊರಟರು.

ಮೂರು ವಾರಗಳ ನಂತರ ಗಂಗಮ್ಮ ತಮ್ಮೂರು ಅಳವಂಡಿಯಿಂದ ಡಯಾಲಿಸಿಸ್‌ಗೆ ಗಂಡನ ಬದಲು ಮೈದುನನ ಜೊತೆ ಬಂದರು. ಶರಣಪ್ಪ ಕುಲುಮೆಯ ಮುಂದೆ ಕುಸಿದವರು ಮತ್ತೆ ಏಳಲಿಲ್ಲವಂತೆ. ಕೌಂಟರಿನಲ್ಲಿ ಕಾರ್ಡ್ ನಡೆಯಲಿಲ್ಲ. ಅವರು ಸತ್ತ ದಿನವೇ ಹೆಂಡತಿಯ ವಿಮೆಯೂ ಮುಗಿದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಲು ಡಾಕ್ಟರು ಚೀಟಿ ಕೊಟ್ಟರು. ಅಲ್ಲಿ ಸರದಿ ಯಾವಾಗ ಬರುವುದೋ ಯಾರಿಗೂ ಗೊತ್ತಿರಲಿಲ್ಲ.

ಚೀಟಿ ಹಿಡಿದು ಹೊರಟ ಗಂಗಮ್ಮ ನನ್ನ ಮುಂದೆ ನಿಂತರು. “ಅಕ್ಕಾರ, ಎದಿ ನೋವು ಅಂತ ನಮ್ಮವ್ರು ನಿಮ್ಮ ಮುಂದ ಏನರ ಅಂದಿದ್ರೇನ್ರಿ?”

“ಇಲ್ಲಮ್ಮ” ಎಂದೆ.

ಅಂದು ಡಾಕ್ಟರನ್ನು ಕರೆದಿದ್ದರೆ ಶರಣಪ್ಪನ ಕೆಲಸ ಹೋಗುತ್ತಿತ್ತು, ಜೀವ ಉಳಿಯುತ್ತಿತ್ತೇನೋ. ಈಗ ರೋಗಿಯ ಜೊತೆ ಬಂದವರು ಯಾರೇ ಎದೆ ಮುಟ್ಟಿಕೊಂಡರೂ ನಾನು ಅವರ ಮಾತು ಕೇಳುವುದಿಲ್ಲ. ಮೊದಲು ಡಾಕ್ಟರನ್ನು ಕೂಗುತ್ತೇನೆ.