ಅಜ್ಜಿ ತೀರಿಕೊಂಡ ತಾರೀಖು

ಕುಣಿಗಲ್‌ನಲ್ಲಿರುವ ನನ್ನ ಸೋದರತ್ತೆಗೆ ಅವರ ತಾಯಿ, ಅಂದರೆ ನನ್ನ ಅಜ್ಜಿ, ತೀರಿಕೊಂಡ ದಿನ ಯಾವುದೆಂದು ಗೊತ್ತಿಲ್ಲ. ಆಗ ಅತ್ತೆ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲಷ್ಟೇ ಅವರಿಗೆ ತಿಳಿಸಿದ್ದು. ಗೊತ್ತಿದ್ದ ಅಪ್ಪ, ದೊಡ್ಡಪ್ಪ ಇಬ್ಬರೂ ಈಗಿಲ್ಲ. ನಾನು ಅಂದು ಊರಲ್ಲೇ ಇದ್ದೆ, ಹೆಗಲನ್ನೂ ಕೊಟ್ಟಿದ್ದೆ. ವಾಪಸ್ ಹೊರಟಾಗ ತುಮಕೂರಿನ ಬಸ್ಸು ಕಣ್ಣೆದುರೇ ತಪ್ಪಿಹೋಗಿದ್ದು ನೆನಪಿದೆ, ತಾರೀಖು ನೆನಪಿಲ್ಲ.

“ಪಿತೃಪಕ್ಷದ ಅಮಾಸೇಲಿ ಎಲ್ರ ಜೊತೆ ಸೇರ್ಸಿ ಎಡೆ ಇಟ್ಟಿಟ್ಟು ಸಾಕಾಗೈತೆ ಕಣಪ್ಪ. ನಾನಿರೋದ್ರೊಳಗೆ ಒಂದ್ಸಲನಾದ್ರೂ ಅವ್ವ ಹೋದ ದಿನಾನೇ ಇಡ್ಬೇಕು,” ಎಂದರು ಅತ್ತೆ.

ನಿವೃತ್ತನಾಗಿ ಶೆಟ್ಟಿಹಳ್ಳಿಯ ಮನೆಯಲ್ಲಿ ಕೂತಿದ್ದ ನನಗೆ ಅದು ದೊಡ್ಡ ವಿಷಯವೆನಿಸಲಿಲ್ಲ. ಮನುಷ್ಯ ಎಲ್ಲಿಗೆ ಹೋದರೂ ದಾಖಲೆಯನ್ನು ತಪ್ಪಿಸಿಕೊಂಡು ಹೋಗಲಾರ ಎಂದು ನಂಬಿದವನು ನಾನು.

ನಮ್ಮೂರು ಗುಬ್ಬಿಯ ಹತ್ತಿರ. ಅಲ್ಲಿನ ತಾಲ್ಲೂಕು ಕಚೇರಿಗೆ ಮೂರು ಸಲ ಹೋದೆ. ಮರಣದ ರಿಜಿಸ್ಟರಿನಲ್ಲಿ ಅಜ್ಜಿ ಇರಲಿಲ್ಲ. ಗುಮಾಸ್ತರೊಬ್ಬರು, “ಜಮೀನಿದ್ರೆ ಪೌತಿ ಖಾತೆ ಫೈಲ್ ಇರ್ತದೆ ಸಾರ್, ನಕಲಿಗೆ ಹಾಕಿ,” ಎಂದರು. ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವಾಗ ಮಾಡುವ ಫೈಲು ಅದು. ತಾತನ ತೆಂಗಿನ ತೋಟದ್ದು ಸಿಕ್ಕಿತು. ಅದರೊಳಗಿನ ವಂಶವೃಕ್ಷದಲ್ಲಿ ಅಜ್ಜಿಯ ಹೆಸರಿನ ಮುಂದೆ ‘ಮರಣ’ ಎಂದಿತ್ತು, ತಾರೀಖು ಸಮೇತ.

ಸಂತೋಷ ಒಂದು ನಿಮಿಷ ಇತ್ತು. ಆ ತಾರೀಖಾಗಿ ಎಷ್ಟೋ ವರ್ಷಗಳ ಮೇಲೆ ಅಜ್ಜಿ ನನ್ನ ಮದುವೆಗೆ ಬಂದು, ಪಾಯಸ ಸಪ್ಪೆ ಎಂದು ಬೈದು ಹೋಗಿದ್ದಳು. ಮತ್ತೆ ಮೊದಲಿಂದ ಓದಿದೆ. ಕಾಗದದ ಕೊನೆಯಲ್ಲಿ, ‘ಬರೆದವರು’ ಎಂಬಲ್ಲಿ, ನನ್ನ ರುಜು ಇತ್ತು.

ನಿಧಾನವಾಗಿ ನೆನಪಾಯಿತು. ತಾತ ಸತ್ತ ವರ್ಷ. ಜಗುಲಿಯಲ್ಲಿ ನಾಲ್ಕು ಜನ ಕೂತಿದ್ದರು. ಅಜ್ಜಿ ಬದುಕಿದ್ದಾಳೆಂದು ಬರೆದರೆ ಖಾತೆ ಮೊದಲು ಅವಳಿಗೆ, ಆಮೇಲೆ ಮಕ್ಕಳಿಗೆ. ಎರಡು ಸಲ ಓಡಾಟ ಎಂಬುದು ದೊಡ್ಡಪ್ಪನ ಲೆಕ್ಕಾಚಾರ. “ಅವ್ವನೂ ಹೋಗವ್ಳೆ ಅಂತ ಬರ್ದ್‌ಬುಡ್ಲಾ, ಒಂದೇ ಸಲಕ್ಕೆ ಮುಗೀತದೆ,” ಎಂದರು. ಯಾವ ತಾರೀಖು ಎಂದು ಕೇಳಿದೆ. “ಯಾವ್ದೋ ಒಂದು ಹಾಕ್ಲಾ.” ಹಾಕಿದೆ. ಆಗಿನ್ನೂ ಕಾಲೇಜಿನಲ್ಲಿದ್ದೆ, ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳಿದರು. ಒಳಗಿನಿಂದ ಅಜ್ಜಿ ಮಜ್ಜಿಗೆ ಕಳಿಸಿದಳು. ಅವಳಿಗೆ ವಿಷಯ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಮುಂದೆ ಅವಳು ನಿಜವಾಗಿ ಸತ್ತಾಗ ಯಾರೂ ಬರೆಸಲಿಲ್ಲ. ಒಮ್ಮೆ ಸತ್ತವಳು ಮತ್ತೆ ಸತ್ತಳೆಂದು ಯಾರಿಗೆ ಅರ್ಜಿ ಕೊಡುವುದು?

ನಕಲನ್ನು ಕುಣಿಗಲ್‌ಗೆ ಒಯ್ದು ಅತ್ತೆಗೆ ಪೂರ್ತಿ ಓದಿ ಹೇಳಿದೆ. ರುಜುವನ್ನೂ ಬಿಡಲಿಲ್ಲ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ನಂಗೊಂದು ಮಾತು ಹೇಳ್ನಿಲ್ವಲ್ಲೋ ಯಾರೂ.”

“ತಪ್ಪಾಯ್ತು ಅತ್ತೆ.”

“ಬದ್ಕಿದ್ದೋಳ್ನ ಸಾಯ್ಸೋಕೆ ತಾರೀಖು ಸಿಕ್ತಲ್ಲ ನಿಂಗೆ. ಈಗ್ಲೂ ಒಂದು ಹುಡುಕು.”

ಗೋಡೆಯ ಕ್ಯಾಲೆಂಡರ್ ತೆಗೆದು ನನ್ನ ಮುಂದಿಟ್ಟು ಒಳಗೆ ಹೋದರು. ಹನ್ನೆರಡು ಹಾಳೆಗಳನ್ನೂ ತಿರುಗಿಸಿದೆ. ಯಾವ ಚೌಕದ ಮೇಲೂ ಬೆರಳಿಡುವ ಧೈರ್ಯ ಬರಲಿಲ್ಲ.