ಗಾಲಿ ಸವರುವ ಕೈ

ದೊಡ್ಡವ್ವನ ಬಲ ಅಂಗೈ ಸದಾ ಕಪ್ಪಗಿರುತ್ತಿತ್ತು. ರೊಟ್ಟಿ ಬಡಿಯುವ ಮೊದಲು ಎಷ್ಟು ತಿಕ್ಕಿ ತೊಳೆದರೂ ಗೆರೆಗಳಲ್ಲಿ ಟೈರಿನ ಮಸಿ ಉಳಿದೇ ಇರುತ್ತಿತ್ತು. ಬೆಳಗಾದರೆ ಉಣಕಲ್ಲಿನ ನಮ್ಮ ಓಣಿಯಲ್ಲಿ ನಿಂತ ಪಿಕಪ್ ಗಾಡಿಗೆ ಒಂದು ಸುತ್ತು ಬಂದು, ಎಮ್ಮೆಯ ಮೈ ಸವರಿದ ಹಾಗೆ ಗಾಲಿಗಳನ್ನೆಲ್ಲ ಸವರಿ, ಒತ್ತಿ, ತಟ್ಟಿ ನೋಡುವುದು ಆಕೆಯ ರೂಢಿ. ಕಾರವಾರದ ಹಾದಿಯಲ್ಲಿ ಘಟ್ಟ ಇಳಿಯುವಾಗ ಟೈರು ಒಡೆದು ದೊಡ್ಡಪ್ಪ ತೀರಿಕೊಂಡ ಮೇಲೆ ಬಂದ ರೂಢಿ ಅದು.

"ಗಾಡಿ ಹೊಂಟಿತಂದ್ರ ನನ್ನ ಹೊಟ್ಟ್ಯಾಗ ಗಾಲಿ ತಿರಗತಾವ. ಅದು ಮನಿಗೆ ಬಂದಮ್ಯಾಲೇ ನಿಲ್ಲೂದು," ಅನ್ನುತ್ತಿದ್ದಳು.

ಅದೇ ಹಾದಿಯಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಹೋಗುತ್ತಿದ್ದವನು ಆಕೆಯ ಮಗ, ನನ್ನ ಅಣ್ಣ. ಒಂದು ಸಂಜೆ ಅವನು ಹಳೆಯ ಗಾಲಿಗಳನ್ನು ಬಿಚ್ಚಿಸಿ, ಥಳಥಳಿಸುವ ಅಲಾಯ್ ಚಕ್ರ, ಅಗಲವಾದ ಟೈರು ಹಾಕಿಸಿಕೊಂಡು ಬಂದ. ಗಾಲಿಗಳು ಬಾಡಿಯಿಂದ ಹೊರಗೆ ಚಾಚಿದ್ದವು. ಬಿಚ್ಚಿದ ಗಾಲಿಗಳು ಗಾಡಿಯ ಹಿಂಬದಿಯಲ್ಲೇ ಬಿದ್ದಿದ್ದವು. ಬೆಳಗಾದರೆ ಕಾರವಾರದ ಲೋಡು. ದೊಡ್ಡವ್ವ ಕೈ ಚಾಚಿದಳು, ಮುಟ್ಟಲಿಲ್ಲ.

"ಚಂದ ಅದಾವ. ಭಾರ ತಡೀತಾವೇನು?"

"ಯವ್ವಾ, ಅಂಗಡಿಯಾಂವ ಏನೂ ಆಗೂದಿಲ್ಲ ಅಂದಾನ."

ಆಕೆ ನನ್ನನ್ನು ಕೂಗಿದಳು. "ಇವುಕ್ಕ ಮೈ ಮ್ಯಾಲೆ ಇಂಗ್ಲಿಷ್ ಬರದೈತಿ. ನಮ್ಮ ಮನ್ಯಾಗ ಓದಾಕಿ ನೀ ಒಬ್ಬಾಕಿ. ಓದಿ ಹೇಳವಾ."

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಕೂಲಿಗೆ ಹೋಗುತ್ತಲೇ ಓದಿ ಗಳಿಸಿದ ಡಿಗ್ರಿ. ಹೆಮ್ಮೆ ಇತ್ತು, ಇದೆ. ಆದರೆ ಓದಿದ್ದು ಇತಿಹಾಸ.

"ರಾಜರ ಕತಿ ಓದಿದಾಕಿ ಟೈರ್ ಓದತಾಳಂತ, ನೋಡ್ರಿ!" ಎಂದು ನಗುತ್ತ ಅಣ್ಣ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಹೊಸ ಗಾಲಿ ನಿಂಬೆಹಣ್ಣು ಒಡೆಯದೆ ಹಾದಿ ಹಿಡಿಯುವುದು ನಮ್ಮಲ್ಲಿಲ್ಲ. ದೊಡ್ಡವ್ವ ಬಗ್ಗಿ ಅವನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡಳು.

"ಆಕಿ ಹೇಳೂತನಾ ಗಾಡಿ ಇಲ್ಲಿಂದ ಹಂದಂಗಿಲ್ಲ."

ಮಣ್ಣಿನಲ್ಲಿ ಮಂಡಿಯೂರಿ ಓದಿದೆ. ಒಂದು ಟೈರು ಎಷ್ಟು ಭಾರ ಹೊರಬಲ್ಲದು ಎಂಬುದಕ್ಕೆ ಅದರ ಮೈಮೇಲೆ ಒಂದು ನಂಬರ್ ಇರುತ್ತದೆ ಎಂದು ಫೋನಿನಲ್ಲಿ ಹುಡುಕಿ ತಿಳಿದುಕೊಂಡೆ. ಹಳೆಯ ಟೈರಿನ ನಂಬರ್ ನೋಡಿದೆ, ಹೊಸದರದು ನೋಡಿದೆ. ಹೊಸದು ಬಹಳ ಕಡಿಮೆ, ಕಾರುಗಳಿಗೆ ಇರುವಷ್ಟೇ. ಕಣ್ಣು ತಪ್ಪಿತೇನೋ ಎಂದು ಬೆರಳಿಟ್ಟು ಮತ್ತೆ ಓದಿದೆ. ಬಾಯಿ ಒಣಗಿತು. ಪರೀಕ್ಷೆಯಲ್ಲಿ ತಪ್ಪು ಓದಿದರೆ ಮಾರ್ಕ್ಸು ಹೋಗುತ್ತಿದ್ದವು. ಇಲ್ಲಿ ಹೋಗುವುದು ಏನೆಂದು ನೆನೆದು ಮೂರನೆಯ ಸಲ ಓದಿದೆ.

"ಖರೇ ಹೇಳು. ತಡೀತಾವೋ ಇಲ್ಲೋ?"

"ತಡಿಯೂದಿಲ್ಲ, ದೊಡ್ಡವ್ವ. ಇವು ಕಾರಿನ ಟೈರು."

"ಇಬ್ರೂ ಅಂಜುಬುರುಕರು!" ಅಣ್ಣ ರೇಗಿದ.

"ಹೌದಪಾ, ಅಂಜತೇನಿ," ಅಂದಳು ದೊಡ್ಡವ್ವ. "ನಿಮ್ಮಪ್ಪ ಅಂಜಲಿಲ್ಲ."

ಅಣ್ಣ ಗಾಡಿಯ ಹಿಂದಕ್ಕೆ ಹೋದ. ಜಾಕು ತೆಗೆದ. ಹಳೆಯ ಗಾಲಿಗಳನ್ನೇ ಹಾಕಿ ಮುಗಿಸಿದ ಮೇಲೆ ಆಕೆ ಸೆರಗು ಬಿಚ್ಚಿ ನಿಂಬೆಹಣ್ಣುಗಳನ್ನು ತಾನೇ ಇಟ್ಟಳು. ಮರುದಿನ ಅವನು ಹೋದ ಮೇಲೆ ದೊಡ್ಡವ್ವನ ಹಾಗೆ ನಾನೂ ಊಟ ಮಾಡಲಿಲ್ಲ. ಹಳೆಯ ಟೈರಾದರೂ ಟೈರೇ, ಘಟ್ಟ ಘಟ್ಟವೇ. ಓಣಿಯಲ್ಲಿ ನಮ್ಮ ಗಾಡಿಯ ಹಾರ್ನ್ ಕೇಳಿದಾಗ ದೊಡ್ಡವ್ವ ನನ್ನ ಮುಂದೆ ತಾಟು ಸರಿಸಿ, "ಉಣ್ಣು ಈಗ. ನಿನ್ನ ಹೊಟ್ಟ್ಯಾಗೂ ಗಾಲಿ ಶುರು ಆದ್ವು ನೋಡು," ಅಂದಳು.

ಕಳೆದ ವರ್ಷ ಎದೆನೋವು ಬಂದು ಸತ್ತೂರಿನ ಆಸ್ಪತ್ರೆಯಲ್ಲಿ ದೊಡ್ಡವ್ವ ತೀರಿಕೊಂಡಳು. ಮೈ ತೊಳೆದ ಹೆಂಗಸರು ಕೈಯನ್ನೂ ಚೆನ್ನಾಗಿ ತಿಕ್ಕಿದ್ದರು. ಆ ಬೆಳ್ಳನೆಯ ಅಂಗೈ ಯಾರದೋ ಅನ್ನಿಸಿ ನನಗೆ ದಿಗಿಲಾಯಿತು.

ನನ್ನ ಓದನ್ನು ಹೊಗಳಿದವರು ಬೇಕಾದಷ್ಟು ಮಂದಿ. ಅದರ ಮೇಲೆ ಮಗನ ಜೀವ ಇಟ್ಟವಳು ಆಕೆ ಒಬ್ಬಳೇ. ಈಗ ಟೈರು ಬದಲಿಸುವ ಮೊದಲು ಅಣ್ಣ ಅಂಗಡಿಯಿಂದಲೇ ಫೋಟೋ ಕಳಿಸುತ್ತಾನೆ. "ಓದವಾ, ತಂಗಿ." ಪ್ರತಿ ಸಲವೂ ನನ್ನ ಬಾಯಿ ಒಣಗುತ್ತದೆ. ಫೋಟೋದ ಅಂಚಿನಲ್ಲಿ, ಟೈರಿನ ಮೇಲೆ, ಅವನ ಕಪ್ಪಾದ ಅಂಗೈ ಇರುತ್ತದೆ.